ಕಾವು ಗಿಡ್ಡ ಮಾಡಿದ ಕೊಡಲಿ

ಬೇಕರಿ ಯಜಮಾನನಿಗೆ ಬೀದಿಯವರು ಇಟ್ಟ ಹೆಸರು ಅನುಮಾನಪ್ಪ. ಹಿಟ್ಟಿನ ಮೂಟೆಯನ್ನು ಸ್ವಂತ ಭಾವಮೈದುನನೇ ತಂದು ಇಳಿಸಿದರೂ ಮತ್ತೆ ತೂಗಿ ನೋಡುವ ಆಸಾಮಿ. ಅವನದು ಸೌದೆ ಒಲೆ. ಬ್ರೆಡ್ಡು ಬೇಯಿಸುವುದು ಅವನು, ಸೌದೆ ಸೀಳುವುದು ಹೆಂಡತಿ.

ಮನೆಯಲ್ಲಿದ್ದದ್ದು ಒಂದೇ ಕೊಡಲಿ. ಅಪ್ಪನ ಕಾಲದ್ದು, ದೊಡ್ಡ ದಿಮ್ಮಿ ಸೀಳುವ ದಪ್ಪ ತಲೆಯದು. "ತೋಳು ಬಿದ್ದುಹೋಗತ್ತೆ ರೀ" ಎಂದು ಹೆಂಡತಿ ಹೇಳಿದಾಗ ಅನುಮಾನಪ್ಪ ಗರಗಸ ತಂದು ಕೊಡಲಿಯ ಕಾವನ್ನು ಅರ್ಧಕ್ಕೆ ಕೊಯ್ದುಕೊಟ್ಟ. ಹೆಂಗಸಿನ ಕೈಗೆ ಹಗುರವಾಯಿತೆಂದು ಬೀಗಿದ. ಪಾಪ, ಪ್ರೀತಿಯಿಂದಲೇ ಮಾಡಿದ್ದು.

ಒಂದು ಬೆಳಿಗ್ಗೆ ಆರೋಗ್ಯ ಕೇಂದ್ರದ ನರ್ಸಕ್ಕ ಬ್ರೆಡ್ಡಿಗೆ ಬಂದವಳು ಬಾಗಿಲ ಬಳಿ ಬಿಟ್ಟಿದ್ದ ಹೆಂಡತಿಯ ಚಪ್ಪಲಿ ನೋಡಿ ನಿಂತಳು. ಎಡಗಾಲಿನ ಚಪ್ಪಲಿಯ ತುದಿಯೇ ಇರಲಿಲ್ಲ.

"ಇದೇನೇ ತಂಗಿ?"

"ನಾಯಿ ಕಚ್ಚಿತು ಅಕ್ಕಾ" ಎಂದಳು ಹೆಂಡತಿ, ಮುಖ ತಿರುಗಿಸಿಕೊಂಡು.

"ನಾಯೀನೂ ಇಲ್ಲ, ನರೀನೂ ಇಲ್ಲ. ಚಪ್ಪಲಿ ಅಂಗಡಿಯವನು ಕಳಪೆ ಮಾಲು ಕೊಟ್ಟಿದ್ದಾನೆ. ನಂಗೆ ಅವತ್ತೇ ಅನುಮಾನ" ಎಂದ ಅನುಮಾನಪ್ಪ.

"ನಾಯಿ ಹಲ್ಲು ಇಷ್ಟು ನೇರ ಕತ್ತರಿಸಲ್ಲ. ಇಂಥ ಕೊಡಲಿ ಏಟು ನಾನು ರೋಗಿಗಳ ಕಾಲಲ್ಲೇ ನೋಡಿದೀನಿ. ಎಲ್ಲಿ, ಕೊಡಲಿ ತೋರಿಸು" ಎಂದಳು ನರ್ಸಕ್ಕ.

ಗಿಡ್ಡ ಕಾವು ಕಂಡು ಅವಳ ಮುಖ ಗಂಟಾಯಿತು.

"ಅಣ್ಣಾ, ಕಾವು ಕೊಯ್ದರೆ ಕೊಡಲಿ ಹಗುರ ಆಗಲ್ಲ. ಭಾರ ಇರೋದು ತಲೇಲಿ. ಉದ್ದ ಕಾವಾದ್ರೆ ಏಟು ತಪ್ಪಿದಾಗ ಹೆಚ್ಚಾಗಿ ನೆಲಕ್ಕೆ ಬೀಳತ್ತೆ. ಗಿಡ್ಡ ಕಾವಾದ್ರೆ ತಿರುಗಿ ಕಾಲಿಗೇ ಬರತ್ತೆ. ಇವಳಿಗೆ ಬೇಕಿರೋದು ಹಗುರ ತಲೆ, ಉದ್ದ ಕಾವು."

ಅನುಮಾನಪ್ಪನ ಹುಬ್ಬು ಮೇಲೇರಿತು. ಊರಿನ ಕಮ್ಮಾರ ನರ್ಸಕ್ಕನ ಒಡಹುಟ್ಟಿದ ತಮ್ಮನಲ್ಲವೇ!

"ಓಹೋ! ಅಕ್ಕ ಹೆದರಿಸೋದು, ತಮ್ಮ ಮಾರೋದು. ಚೆನ್ನಾಗಿದೆ ವ್ಯಾಪಾರ."

"ನನ್ನ ತಮ್ಮನ ಹತ್ರ ಬರಲೇಬೇಡಿ ಮಾರಾಯ್ರೆ. ಮೊದಲು ಪರೀಕ್ಷೆ ಮಾಡಿ. ಇವಳು ಕಾವಿನ ತುದಿ ಹಿಡಿದು, ಒಂದೇ ಕೈಯನ್ನ ಪಕ್ಕಕ್ಕೆ ನೇರ ಚಾಚಿ ನಿಲ್ಲಲಿ. ನಿಂತ ಕೂಡಲೇ ತೋಳು ನಡುಗಿದ್ರೆ ಆ ಕೊಡಲಿ ಇವಳ ಕೈಗೆ ಹೇಳಿದ್ದಲ್ಲ."

ಹೆಂಡತಿ ಕೊಡಲಿ ಹಿಡಿದು ಕೈ ಚಾಚಿದಳು. ತೋಳು ಗಡಗಡ ನಡುಗಿ, ಕೊಡಲಿಯ ತಲೆ ಕೆಳಗೆ ವಾಲಿತು.

"ನಾಟಕ ಆಡ್ತಿದೀಯಾ?"

"ನಾಟಕ ಅಲ್ಲ ರೀ. ಚಪ್ಪಲಿ ಕತ್ತರಿಸಿದ್ದು ಈ ಕೊಡಲೀನೇ. ಬೆರಳು ಉಳಿದದ್ದು ಕೂದಲೆಳೆಯಲ್ಲಿ."

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?"

"ಅಷ್ಟು ಆಸೆಯಿಂದ ಮಾಡಿಕೊಟ್ಟಿದ್ರಿ. ನಿಮ್ಮ ಮನಸ್ಸು ನೋಯತ್ತೆ ಅಂತ ಸುಮ್ಮನಾದೆ."

ಅನುಮಾನಪ್ಪ ಅವಳ ಕೈಯಿಂದ ಕೊಡಲಿ ಇಸಿದುಕೊಂಡ. ಊರನ್ನೆಲ್ಲ ಅನುಮಾನಿಸಿದವನು ತನ್ನ ಕೈಕೆಲಸವನ್ನು ಮಾತ್ರ ಅನುಮಾನಿಸಿರಲಿಲ್ಲ.

ಆದರೂ ಹುಟ್ಟುಗುಣ ಬಿಡುತ್ತದೆಯೇ? ಹೆಂಡತಿಯನ್ನು ಕರೆದುಕೊಂಡು ಪಕ್ಕದೂರಿನ ಕಮ್ಮಾರನ ಬಳಿಗೆ ಹೋದ. ಅಲ್ಲಿಯೂ ಅದೇ ಮಾತು. "ಸಾಧಾರಣ ಸೌದೆಗೆ ಹಗುರದ್ದು ಸಾಕು. ಅದನ್ನ ಜೋರಾಗಿ ಬೀಸಬಹುದು, ಗುರೀನೂ ತಪ್ಪಲ್ಲ. ಚಕ್ಕೆ ಮಾಡೋಕೆ ಸಣ್ಣ ಕೈಗೊಡಲಿ, ಅದನ್ನ ಕೂತು, ಸೌದೆಯನ್ನ ಕೊರಡಿನ ಮೇಲಿಟ್ಟೇ ಬಳಸಿ. ಭಾರದ್ದು ದಪ್ಪ ದಿಮ್ಮಿಗೆ ಮಾತ್ರ" ಎಂದ ಆ ಕಮ್ಮಾರ. ಹೆಂಡತಿ ಒಂದೊಂದನ್ನೇ ಎತ್ತಿ ಹಿಡಿದು, ತೋಳು ನಡುಗಿಸದ್ದನ್ನು ಆರಿಸಿಕೊಂಡಳು. ಅಪ್ಪನ ಕೊಡಲಿಗೆ ಉದ್ದನೆಯ ಹೊಸ ಕಾವು ಬಂತು. ದಪ್ಪ ದಿಮ್ಮಿ ಈಗ ಅನುಮಾನಪ್ಪನ ಪಾಲಿನ ಕೆಲಸ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲಿ ಸೌದೆ ಸೀಳುವವರು ಯಾರು? ಇವತ್ತೇ ಅವರ ಕೈಗೆ ಕೊಡಲಿ ಕೊಟ್ಟು, ಕೈ ಚಾಚಿಸಿ ನೋಡಿ. ಕೆಲಸಕ್ಕೂ ಕೈಗೂ ಒಪ್ಪುವ ಕೊಡಲಿಯನ್ನೇ ಕೊಡಿ. ಅವರು "ಭಾರ" ಎಂದರೆ ಅಂದೇ ನಂಬಿ. ಕಾಲು ಹೋದ ಮೇಲೆ ನಂಬಿ ಏನು ಬಂತು?