ಕಷಾಯದಲ್ಲಿ ಈಜಿದ ಕೊರಮೀನು

ಗಿಡದಿಂದ ಮಾಡಿದ್ದು ಎಂದ ಮಾತ್ರಕ್ಕೆ ಅದು ನಿರಪಾಯವೆಂದು ನಂಬಿ, ಕಂಡ ಕೊಳಕ್ಕೆಲ್ಲ ಸುರಿಯುವ ಅಧಿಕಾರವನ್ನು ನಿಮಗೆ ಕೊಟ್ಟವರು ಯಾರು, ಓದುಗರೇ? ಕಳ್ಳಿಯ ಹಾಲು ಕಣ್ಣಿಗೆ ಬಿದ್ದರೆ ಅದನ್ನು ಪ್ರಕೃತಿಯ ಪ್ರಸಾದವೆಂದು ಸ್ವೀಕರಿಸುವಿರಾ?

ನಯಾಪೈಸೆ ಇನ್ನೂ ಹೊಸದಾಗಿದ್ದ ಕಾಲದಲ್ಲಿ, ಗೋಕುಲಂ ಬಡಾವಣೆಯ ಸಂಘದ ಅಧ್ಯಕ್ಷ ಚೆಲುವರಾಜು ಅವರದೂ ಇದೇ ನಂಬಿಕೆಯಾಗಿತ್ತು. ಕಂದಾಯ ವಸೂಲಿಯ ಶೇಕದಾರಿಕೆಯಿಂದ ನಿವೃತ್ತರಾದ ಮೇಲೆ ಅವರಿಗೆ ಆಳಲು ಉಳಿದಿದ್ದುದು ಬಡಾವಣೆಯ ಕೊಳವೊಂದೇ. ಅದನ್ನೂ ಅಂತರಗಂಗೆಯ ಕಳೆ ಆಕ್ರಮಿಸಿತ್ತು. ಕಳ್ಳಿಹಾಲಿಗೆ ಹೊಂಗೆ ಹಿಂಡಿ ಬೆರೆಸಿ ಅವರು ಕಷಾಯ ಕುದಿಸಿದರು. ಚಿಮುಕಿಸಿದಲ್ಲೆಲ್ಲ ಕಳೆ ಕಂದಿತು. ನೀರಿನ ಜೀವಿಗಳಿಗೆ ಅಪಾಯವಿಲ್ಲವೆಂದು ಪ್ರೌಢಶಾಲೆಯ ವಿಜ್ಞಾನ ಉಪಾಧ್ಯಾಯಿನಿ ವಸಂತಮ್ಮ ಒಪ್ಪಿದರೆ ಭಾನುವಾರವೇ ಸುರಿಯುವುದೆಂದು ಸಂಘ ತೀರ್ಮಾನಿಸಿತು.

ಮಲೇರಿಯಾಕ್ಕೆ ತಂಗಿಯನ್ನು ಕಳೆದುಕೊಂಡಿದ್ದ ವಸಂತಮ್ಮನವರಿಗೆ, ಸೊಳ್ಳೆಮರಿ ತಿನ್ನುವ ಆ ಕೊಳದ ಪುಟ್ಟ ಮೀನುಗಳೆಂದರೆ ಬಡಾವಣೆಯ ಕಾವಲುಗಾರರೇ. ಅವು ಸತ್ತರೆ ಮನೆಮನೆಗೂ ಜ್ವರ ಬರುವುದೆಂಬ ದಿಗಿಲಿನಿಂದಲೇ ಅವರು ಶನಿವಾರ ಚೆಲುವರಾಜು ಅವರ ಅಂಗಳಕ್ಕೆ ಬಂದರು. ಅಲ್ಲಿ ಸಿಮೆಂಟಿನ ತೊಟ್ಟಿಯಲ್ಲಿ, ಕಷಾಯ ಬೆರೆತ ನೀರಿನಲ್ಲಿ, ಎರಡು ದಪ್ಪ ಕೊರಮೀನುಗಳು ಠೀವಿಯಿಂದ ಈಜುತ್ತಿದ್ದವು.

"ನೋಡಿ ಮೇಡಮ್ಮೋರೇ, ಬೆಳಿಗ್ಗೆಯಿಂದ ಎಂಗವೆ! ನನ್ನ ಭಾಮೈದನೂ ನಮ್ಮನೇಲಿ ಇಷ್ಟು ಆರಾಮಾಗಿರಲ್ಲ ಕಣ್ರೀ."

"ಅದೇನು ಮಹಾ? ನಿಮ್ಮನೆ ಕಾಫಿ ಕುಡಿದು ನಾವೇ ಬದುಕಿಲ್ವಾ!" ಎಂದು ಪಕ್ಕದ ಮನೆಯ ನೀಲಮ್ಮ ಕಾಂಪೌಂಡಿನ ಆಚೆಯಿಂದ ಕೂಗಿದರು.

ವಸಂತಮ್ಮ ಬಗ್ಗಿ ನೋಡಿದರು. ಮೀನುಗಳು ಮತ್ತೆ ಮತ್ತೆ ಮೇಲೆ ಬಂದು ಗಾಳಿ ಗುಟುಕರಿಸುತ್ತಿದ್ದವು.

"ಇವೇ ಯಾಕೆ ತಂದ್ರಿ ಸಾರ್?"

"ಮಾರ್ಕೆಟ್‌ನಲ್ಲಿ ಉಸಿರಾಡ್ತಿದ್ದಿದ್ದು ಇವೇಯ. ಮಿಕ್ಕಿದ್ದೆಲ್ಲ ಸತ್ತೋಗಿದ್ವು. ಸತ್ತ ಮೀನಿಗೆ ಪರೀಕ್ಷೆ ಮಾಡಕಾಯ್ತದಾ?"

ವಸಂತಮ್ಮನವರಿಗೆ ನಗು ತಡೆಯಲಾಗಲಿಲ್ಲ. "ನೀರು ಕೆಟ್ಟರೂ ಮೇಲಿನ ಗಾಳಿ ಕುಡಿದು ಬದುಕೋ ಜಾತಿ ಇದು. ಅದಕ್ಕೇ ಮಾರ್ಕೆಟ್‌ನಿಂದ ಗಡಿಗೇಲೂ ಜೀವಂತವಾಗಿ ಬಂತು. ಕೂಸಿನ ಊಟದ ಖಾರ ನೋಡೋಕೆ ಪೈಲ್ವಾನನ್ನ ಕೂರಿಸಿದ್ದೀರಿ ನೀವು! ಕೊಳದ ಪುಟ್ಟ ಮೀನು, ಗೊದಮೊಟ್ಟೆ ತರಿಸಿ. ಒಂದು ಬಕೆಟ್‌ಗೆ ಬರೀ ಕೊಳದ ನೀರು, ಇನ್ನೊಂದಕ್ಕೆ ಕಷಾಯ ಬೆರೆಸಿದ್ದು."

"ನಾಳೆ ಸುರೀತೀವಿ ಅಂತ ಊರಿಗೆಲ್ಲ ಹೇಳ್ಬುಟ್ಟಿದೀನಲ್ಲ! ಒಂದು ಹ್ಞೂಂ ಅಂದ್ಬುಡಿ."

"ಮೀನು ಹ್ಞೂಂ ಅನ್ನಲಿ, ಆಮೇಲೆ ನಾನು."

ಬೆಳಗಾಗುವಷ್ಟರಲ್ಲಿ ಬಕೆಟ್ಟಿನ ಪುಟ್ಟ ಮೀನುಗಳು ಉತ್ತರ ಕೊಟ್ಟಿದ್ದವು. ಬರಿಯ ನೀರಿನವು ಚುರುಕಾಗಿ ಓಡಾಡುತ್ತಿದ್ದವು; ಕಷಾಯದವು ಹೊಟ್ಟೆ ಮೇಲಾಗಿ ತೇಲುತ್ತಿದ್ದವು, ಗೊದಮೊಟ್ಟೆಗಳು ತಳ ಸೇರಿದ್ದವು. ಕಷಾಯ ಸುರಿಯುವುದನ್ನು ನೋಡಲು ನೆರೆದಿದ್ದ ಜನ ಚೆಲುವರಾಜು ಅವರ ಮುಖವನ್ನೇ ನೋಡುತ್ತಿದ್ದರು.

"ಕೊಳದಿಂದ ದೂರ ಗುಂಡಿ ತೋಡಿ ಕಷಾಯ ಹೂತಾಕ್ರಪ್ಪ," ಎಂದವರೇ ಪಂಚೆ ಎತ್ತಿಕಟ್ಟಿ ತಾವೇ ನೀರಿಗಿಳಿದು, ಅಂತರಗಂಗೆಯನ್ನು ತೆಕ್ಕೆತೆಕ್ಕೆಯಾಗಿ ಎಳೆಯತೊಡಗಿದರು.

"ಶೇಕದಾರ್ರೇ, ವಸೂಲಿ ಜೋರಾಗೈತೆ!" ಎಂದರು ನೀಲಮ್ಮ. ನಕ್ಕ ಜನರೂ ಒಬ್ಬೊಬ್ಬರಾಗಿ ಕೆಸರಿಗಿಳಿದರು. ವಸಂತಮ್ಮ ಬದುಕುಳಿದ ಪುಟ್ಟ ಮೀನುಗಳನ್ನು ಕೊಳಕ್ಕೆ ಬಿಟ್ಟು, ಸೆರಗು ಸಿಕ್ಕಿಸಿ ತಾವೂ ಕೈಜೋಡಿಸಿದರು.

ನಿಮ್ಮ ಅಂಗಳದಲ್ಲೂ ಅಂಥದೊಂದು ಹಂಡೆ ಕುದಿಯುತ್ತಿದೆಯೇ? ದಯವಿಟ್ಟು ಅದನ್ನು ಇಂದೇ ಇಳಿಸಿ. ನಿಮ್ಮ ಕೊಳದ ಅತಿ ದುರ್ಬಲ ಜೀವಿ ಅದರಲ್ಲಿ ಬದುಕೀತೇ ಎಂದು ಮೊದಲು ಬಕೆಟ್ಟಿನಲ್ಲಿ ಪರೀಕ್ಷಿಸಿ. ಅಷ್ಟು ವ್ಯವಧಾನವಿಲ್ಲದಿದ್ದರೆ ನೀರಿಗಿಳಿದು ಕೈಯಿಂದಲೇ ಕಳೆ ಕೀಳಿ.