ಹಿಂಬಾಗಿಲ ಬೆಂಚು

ಬಿಸಿ ಪಾತ್ರೆ ಹಿಡಿದದ್ದು ಸೋಡಾ ಅಜ್ಜಿಗೆ ಗೊತ್ತಾದದ್ದು ಅಂಗೈಯಲ್ಲಿ ಬೊಬ್ಬೆ ಎದ್ದ ಮೇಲೆ. ಮೂವತ್ತೊಂದು ವರ್ಷ ದೊಡ್ಡಾಸ್ಪತ್ರೆಯ ಹಾಸಿಗೆ ಬಟ್ಟೆಗಳನ್ನು ಸುಡುನೀರಿನಲ್ಲಿ, ಸೋಡಾದಲ್ಲಿ ಒಗೆದ ಕೈ. ಕೆಲಸ ಬಿಟ್ಟು ನಾಲ್ಕು ವರ್ಷವಾದರೂ ಸೋಡಾ ಎಂಬ ಹೆಸರು ಬಿಟ್ಟಿರಲಿಲ್ಲ. ಬೆರಳುಗಳು ಒಂದೊಂದಾಗಿ ಜೋಮು ಹಿಡಿದು, ಈಗ ಗುಂಡಿ ಹಾಕಿಕೊಳ್ಳಲೂ ಪಕ್ಕದ ಮನೆಯ ಟೈಲರಮ್ಮ ಬೇಕು.

ಸುದ್ದಿ ತಂದವಳೂ ಟೈಲರಮ್ಮನೇ. "ಅಜ್ಜಿ, ನಿಮ್ಮ ಆಸ್ಪತ್ರೇಲೇ ಬುಧವಾರ ಬುಧವಾರ ಅರವತ್ತು ದಾಟಿದೋರಿಗೆ ಪುಕ್ಕಟೆ ತಪಾಸಣೆ. ಕೈಗೆ ವ್ಯಾಯಾಮ ಹೇಳ್ಕೊಡ್ತಾರೆ. ಓದು ಬರಹಾನೂ ಕಲಿಸ್ತಾರಂತೆ."

"ಓದು ಕಲಿತು ಯಾವ ಆಫೀಸರ್ ಆಗ್ಲಿ? ಬೆರಳು ಮಡಚೋಕೆ ಬಂದ್ರೆ ಸಾಕು ತಾಯಿ."

ಮೂರು ಬುಧವಾರ ಹೋದಳು. ಮೂರು ಸಲವೂ ಹಾಗೇ ವಾಪಸಾದಳು. ನಾಲ್ಕನೆಯ ಬುಧವಾರ ಗುಂಡಿ ಹಾಕುತ್ತಾ ಟೈಲರಮ್ಮ ಕೇಳಿದಳು, "ಡಾಕ್ಟ್ರು ಏನಂದ್ರು?"

"ಇನ್ನೂ ಕರೀಲಿಲ್ವಲ್ಲ."

"ಮೂರು ವಾರದಿಂದ? ಎಲ್ಲಿ ಕೂತ್ಕೊಳ್ತೀರಿ ನೀವು?"

"ಎಲ್ಲಿ ಅಂದ್ರೆ? ಹಿಂದ್ಗಡೆ, ಒಗೆಯೋ ಮನೆ ಬೆಂಚ್ ಮೇಲೆ. ಹಳೇ ಕೆಲಸದೋರು ಐದು ಜನಾನೂ ಅಲ್ಲೇ."

ಟೈಲರಮ್ಮನ ಕೈ ನಿಂತಿತು. "ಅಯ್ಯೋ, ತಪಾಸಣೆ ನಡೆಯೋದು ಮುಂಬಾಗಿಲ ಹಾಲ್‌ನಲ್ಲಿ ಅಜ್ಜಿ!"

ಮುಂಬಾಗಿಲು! ಒಗೆಯುವವರು ಅತ್ತ ಸುಳಿದರೆ ಸೂಪರ್‌ವೈಸರ್ ಎಲ್ಲರೆದುರು ಮಾನ ಹರಾಜು ಹಾಕುತ್ತಿದ್ದ. ಒದ್ದೆ ಕಾಲಿಗೆ ನೆಲ ಕೊಳೆಯಾಗುತ್ತದಂತೆ. ಮೂವತ್ತೊಂದು ವರ್ಷದಲ್ಲಿ ಅಜ್ಜಿ ಆ ಹೊಸ್ತಿಲು ತುಳಿದದ್ದಿಲ್ಲ. ಈಗಲೂ ಕಾಲು ತಾನಾಗಿ ಹಿಂದಕ್ಕೇ ತಿರುಗುತ್ತಿತ್ತು. ಹಿಂಬಾಗಿಲ ಕಾವಲುಗಾರ ಪ್ರತಿ ವಾರ ನಗುತ್ತಾ ಮಾತಾಡಿಸುತ್ತಿದ್ದ. ಹಳೆಯ ಗೆಳತಿಯರು ಹರಟೆಗೆ ಬಂದಿದ್ದಾರೆ ಅಂದುಕೊಂಡಿದ್ದ. ಅಜ್ಜಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಎದೆಯೊಳಗೂ ಎಲ್ಲೋ ಜೋಮು ಹಿಡಿದಿತ್ತು.

ಅವತ್ತೇ ಟೈಲರಮ್ಮ ಅವಳನ್ನು ಆಸ್ಪತ್ರೆಯ ಮುಂಬಾಗಿಲವರೆಗೆ ಕರೆತಂದು ಬಿಟ್ಟು ಹೋದಳು. ಹಾಲಿನಲ್ಲಿ ಇಪ್ಪತ್ತು ಕುರ್ಚಿ, ಇಪ್ಪತ್ತೂ ಖಾಲಿ. ಗುಮಾಸ್ತ ಬ್ಯಾನರ್ ಸುತ್ತುತ್ತಿದ್ದ.

"ಇವತ್ತಿಗೆ ಮುಗೀತಮ್ಮ. ಕಾರ್ಯಕ್ರಮಾನೇ ನಿಲ್ಲಿಸಿದ್ವಿ."

"ಯಾಕಪ್ಪ?"

"ಜನಾನೇ ಬರ್ಲಿಲ್ಲ. ವಯಸ್ಸಾದೋರಿಗೆ ಆಸಕ್ತಿ ಇಲ್ಲ ಅಂತ ವರದಿ ಕಳಿಸಿದ್ದೂ ಆಯ್ತು."

"ನಾವು ಬಂದಿದ್ವಲ್ಲ. ಗೋಡೆ ಆಚೆ ಕೂತಿದ್ವಿ."

"ಗೋಡೆ ಆಚೆ ಕೂತಿದ್ರೆ ನಮಗೇನು ಕನಸು ಬೀಳುತ್ತಾ? ಡಾಕ್ಟ್ರು ಹನ್ನೆರಡಕ್ಕೆ ಹೊರಡ್ತಾರೆ."

ಒಳಕೋಣೆಯಲ್ಲಿ ಡಾಕ್ಟರು ಪೇಪರ್ ಓದುತ್ತಾ ಕೂತಿದ್ದು ಕಾಣುತ್ತಿತ್ತು. ಅಜ್ಜಿ ಕಟ್ಟಡ ಸುತ್ತಿ ಹಿಂದಕ್ಕೆ ಹೋದಳು. ಬೆಂಚಿನ ಮೇಲೆ ನಾಲ್ವರೂ ಕೈ ಮಡಿಲಲ್ಲಿಟ್ಟು ಕೂತಿದ್ದರು.

"ಏಳ್ರೇ."

"ಕರೆದ್ರಾ?" ಎಂದಳು ಅವರಲ್ಲೊಬ್ಬಳಾದ ಇಸ್ತ್ರಿ ಅಕ್ಕ.

"ಇಲ್ಲ. ಕರೆಯೋದೂ ಇಲ್ಲ. ಏಳಿ."

ಮುಂಬಾಗಿಲಲ್ಲಿ ಇಸ್ತ್ರಿ ಅಕ್ಕ ನಿಂತುಬಿಟ್ಟಳು. "ಬೈತಾರೆ ಕಣೇ."

"ಬೈಲಿ."

ಐವರೂ ಒಳಗೆ ಬಂದರು. ಒಂದೊಂದು ಕುರ್ಚಿ ಎಳೆದು ಒಳಕೋಣೆಯ ಬಾಗಿಲಿಗೆ ಅಡ್ಡಲಾಗಿ ಹಾಕಿ ಕೂತರು.

ಗುಮಾಸ್ತ ಓಡಿಬಂದ. "ಇದೇನ್ರೀ ಇದು? ವರದಿ ಹೋಗಿದೆ ಅಂತ ಹೇಳಿದ್ನಲ್ಲ!"

"ವರದಿ ಹೋದ್ರೆ ಹೋಗ್ಲಿ. ನಾವು ಹೋಗಲ್ಲ."

ಹನ್ನೆರಡಾಯಿತು. ಡಾಕ್ಟರು ಬ್ಯಾಗು ಹಿಡಿದು ಎದ್ದು ಬಂದರು. "ಸ್ವಲ್ಪ ದಾರಿ ಬಿಡಿಯಮ್ಮ."

ಒಬ್ಬಳೂ ಏಳಲಿಲ್ಲ. ಸೋಡಾ ಅಜ್ಜಿ ಎರಡೂ ಕೈಗಳನ್ನು ಮುಂದೆ ಚಾಚಿದಳು. ಪಕ್ಕದವಳೂ ಚಾಚಿದಳು. ಆಮೇಲೆ ಉಳಿದ ಮೂವರೂ.

"ಮೊದ್ಲು ನೋಡಿ," ಎಂದಳು ಅಜ್ಜಿ. "ಆಮೇಲೆ ಹೊರಡಿ."