ಪೈಪಿಗೆ ಕಿವಿ

ಟಣ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ಟಣ್.

ನಲ್ಲಿ ಸೋರುತ್ತಿರಬೇಕು ಎಂದುಕೊಂಡೆ. ಆದರೆ ನೀರಿನ ಹನಿ ಹಾಗೆ ಯೋಚಿಸಿ ಯೋಚಿಸಿ ಬೀಳುವುದಿಲ್ಲ. ಕಾರ್ಖಾನೆಯಲ್ಲಿ ಸ್ಫೋಟವಾದಂದಿನಿಂದ ನನ್ನದು ಕೋಳಿನಿದ್ದೆ. ಪಕ್ಕದ ಮನೆಯ ಚಿಲಕ ಸರಿದರೂ ಎದ್ದು ಕೂರುತ್ತೇನೆ. ಹೊರಳಿ ನೋಡಿದೆ. ನನ್ನ ಗಂಡ ಕಬ್ಬಿಣದ ಮಂಚದ ಸರಳಿಗೆ ಎಡಗಿವಿ ಒತ್ತಿಕೊಂಡು, ಬ್ಯಾಂಡೇಜಿನ ಕೈಗೆ ಹೇಗೋ ಸಿಕ್ಕಿಸಿಕೊಂಡ ಚಮಚದಿಂದ ಸರಳನ್ನು ತಟ್ಟುತ್ತಿದ್ದರು.

"ಏನ್ರೀ ಅದು?"

"ಈ ಕಿವಿನಾದ್ರೂ ಉಳಿದಿದೆಯಾ ಅಂತ ನೋಡ್ತಿದ್ದೆ. ನೀನು ಮಲಕ್ಕೋ."

ನಾನು ಮಲಗಲಿಲ್ಲ. ಅವರೂ ಮಲಗಲಿಲ್ಲ.

ಎಣ್ಣೆ ಶುದ್ಧೀಕರಣ ಕಾರ್ಖಾನೆಯಲ್ಲಿ ಅವರು ಪೈಪ್ ಫಿಟ್ಟರ್. ಕಂಪನಿಯ ನೌಕರರಲ್ಲ, ಗುತ್ತಿಗೆದಾರನ ಆಳು. ಗೇಟು ಬೇರೆ, ಹೆಲ್ಮೆಟ್ಟಿನ ಬಣ್ಣ ಬೇರೆ, ಊಟದ ಜಾಗವೂ ಬೇರೆ. ಅಲ್ಲಿ ಎಲ್ಲರೂ ಅವರನ್ನು 'ಕಿವಿ' ಎಂದೇ ಕರೆಯುತ್ತಿದ್ದರು. ಸ್ಪ್ಯಾನರಿನ ಒಂದು ತುದಿಯನ್ನು ಪೈಪಿಗೂ ಇನ್ನೊಂದನ್ನು ಕಿವಿಗೂ ಒತ್ತಿ, ಒಳಗೆ ಎಣ್ಣೆ ಉಳಿದಿದೆಯೋ ಖಾಲಿಯಾಗಿದೆಯೋ ಹೇಳಿಬಿಡುತ್ತಿದ್ದರು. ಅನಿಲ ಇದೆಯೇ ಎಂದು ಪರೀಕ್ಷಿಸಲು ಒಂದು ಯಂತ್ರವಿತ್ತು. ಅದರ ಬ್ಯಾಟರಿ ಸತ್ತು, ಅದು ಸೂಪರ್‌ವೈಸರನ ಮೇಜಿನ ಖಾನೆ ಸೇರಿ ಎಷ್ಟೋ ಕಾಲವಾಗಿತ್ತು. "ಮೀಟರ್ ಯಾಕಯ್ಯಾ, ನಮ್ಮ ಕಿವಿ ಇದಾನಲ್ಲ" ಎಂದು ಅವನು ಬೆನ್ನು ತಟ್ಟಿದಾಗ ಇವರು ಮನೆಗೆ ಬಂದು ನನ್ನೆದುರು ಹಿಗ್ಗಿದ್ದರು.

ಮೇಲಿನ ಅಟ್ಟಣಿಗೆಯಲ್ಲಿ ಇವರು, ಕೆಳಗೆ ವೆಲ್ಡರ್. ಪಂಪುಗಳ ಗದ್ದಲದಲ್ಲಿ ಕೂಗಿದರೆ ಕೇಳದು, ಗುತ್ತಿಗೆಯವರಿಗೆ ವಾಕಿಟಾಕಿ ಕೊಡುವ ಪದ್ಧತಿಯಿರಲಿಲ್ಲ. ಅದಕ್ಕೇ ಪೈಪನ್ನೇ ತಟ್ಟುವುದು. ಮೇಲಿನಿಂದ ಎರಡು ತಟ್ಟು ಬಂದರೆ, ಪೈಪು ಖಾಲಿ, ಬೆಂಕಿ ಹಚ್ಚಬಹುದು ಎಂದರ್ಥ.

ಆ ಮಧ್ಯಾಹ್ನ ನಾನು ಕಾಲೇಜಿನ ಗ್ರಂಥಾಲಯದಲ್ಲಿ ಹೊಸ ಪುಸ್ತಕಗಳ ಬೆನ್ನಿಗೆ ಚೀಟಿ ಅಂಟಿಸುತ್ತಿದ್ದೆ. ಕಿಟಕಿಗಳೆಲ್ಲ ಒಮ್ಮೆಗೇ ನಡುಗಿದವು. ಸದ್ದು ಆಮೇಲೆ ಬಂತು. ವೆಲ್ಡರ್ ಅಣ್ಣ ಅಲ್ಲೇ ಹೋದರು. ಇವರ ಎರಡು ಕೈ, ಬಲಗೆನ್ನೆ, ಕತ್ತು ಸುಟ್ಟು, ಬಲಗಿವಿ ಪೂರ್ತಿ ಮುಚ್ಚಿಹೋಯಿತು.

ಚಮಚದ ಆ ರಾತ್ರಿಯ ಮರುದಿನ ಬೆಳಿಗ್ಗೆ ಕಂಪನಿಯ ಸಿಬ್ಬಂದಿ ಅಧಿಕಾರಿ ಬಂದರು. ಒಂದು ಕೈಯಲ್ಲಿ ಸೇಬಿನ ಚೀಲ, ಇನ್ನೊಂದರಲ್ಲಿ ಫೈಲು. ನಮ್ಮ ಮನೆಯಲ್ಲಿ ಇರುವುದು ಎರಡೇ ಕುರ್ಚಿ. ಒಂದರಲ್ಲಿ ಅತ್ತೆ ಕೂತಿದ್ದರು, ಏಳಲಿಲ್ಲ.

"ಹೇಗಿದೀರಮ್ಮ?" ಅಧಿಕಾರಿ ಕೇಳಿದರು.

"ನಾನು ಚೆನ್ನಾಗೇ ಇದೀನಪ್ಪ. ಸುಟ್ಟಿರೋದು ನನ್ನ ಮಗ. ಅವನ್ನ ಕೇಳು."

ಅಧಿಕಾರಿ ನಕ್ಕು, ಫೈಲಿನಿಂದ ಒಂದು ಕಾಗದ ತೆಗೆದು ಇವರ ಎದುರು ಹಿಡಿದರು. "ಇದೊಂದು ಹೇಳಿಕೆ. ಸುಮ್ನೆ ಒಂದು ಫಾರ್ಮಾಲಿಟಿ. ಇದಾಯ್ತು ಅಂದ್ರೆ ನಿಮ್ಮ ಪರಿಹಾರ ತಡ ಆಗಲ್ಲ. ಆಸ್ಪತ್ರೆ ಖರ್ಚೂ ನಮ್ಮದೇ."

ನಾನು ಕಾಗದವನ್ನು ನಡುವೆಯೇ ತೆಗೆದುಕೊಂಡೆ. ಅಧಿಕಾರಿಗೆ ಅದು ಇಷ್ಟವಾಗಲಿಲ್ಲವೆಂದು ಅವರ ಬೆರಳು ಕಾಗದದ ಅಂಚನ್ನು ಬಿಡಲು ತೆಗೆದುಕೊಂಡ ಹೊತ್ತಿನಿಂದ ತಿಳಿಯಿತು. ನಿಧಾನವಾಗಿ ಓದಿದೆ. 'ಮೃತ ವೆಲ್ಡರನು ಯಾರ ಸೂಚನೆಗೂ ಕಾಯದೆ, ತನ್ನ ಸ್ವಂತ ಇಚ್ಛೆಯಿಂದ ಬೆಂಕಿ ಹೊತ್ತಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.' ಅದರ ಕೆಳಗೆ ಇನ್ನೊಂದು ವಾಕ್ಯ: 'ಈ ಸಂಬಂಧ ಮುಂದೆ ಯಾವ ನ್ಯಾಯಾಲಯದಲ್ಲಿಯೂ ಯಾವ ಹಕ್ಕನ್ನೂ ಕೇಳುವುದಿಲ್ಲ.'

"ಎರಡನೇ ವಾಕ್ಯ ಯಾಕೆ ಸರ್?" ಎಂದೆ. ನನ್ನ ದನಿ ನಡುಗುತ್ತಿತ್ತು, ಅದನ್ನು ನಾನು ತಡೆಯಲಾರೆ.

"ಅದು ಎಲ್ಲದರಲ್ಲೂ ಇರುತ್ತೆ ಮೇಡಂ."

"ಹಾಗಿದ್ರೆ ಮೊದಲನೇ ವಾಕ್ಯನೂ ಎಲ್ಲದರಲ್ಲೂ ಇರುತ್ತಾ?"

ಅಧಿಕಾರಿ ನನ್ನನ್ನು ಬಿಟ್ಟು ಇವರ ಕಡೆ ತಿರುಗಿದರು. "ನೀವು ಹೇಳಿ. ಸಹಿ ಕಷ್ಟ ಅಂತ ಗೊತ್ತು. ಶಾಯಿ ತಂದಿದೀನಿ. ಕೈ ಆಗ್ದಿದ್ರೆ ಕಾಲಿನ ಹೆಬ್ಬೆರಳೂ ನಡೆಯುತ್ತೆ."

ಅತ್ತೆ ಕುರ್ಚಿಯಿಂದ ಎದ್ದರು. "ಕಾಲು ತಾನೇ ಬೇಕು? ನಂದೇ ಕೊಡ್ತೀನಿ, ಎಲ್ಲಿ ಒತ್ತಬೇಕು ಹೇಳು. ಬೆನ್ನು ತಿರುಗಿಸ್ತೀಯಾ?"

ಇವರು ನಕ್ಕರು. ಸ್ಫೋಟವಾದ ಮೇಲೆ ನಕ್ಕಿದ್ದು ಅದೇ ಮೊದಲು. ಸುಟ್ಟ ಕೆನ್ನೆ ಎಳೆದು ಕಣ್ಣಲ್ಲಿ ನೀರು ಬಂತು. "ತಗೊಂಡ್ ಹೋಗಿ ಸರ್," ಎಂದರು. "ಸೇಬೂ ತಗೊಂಡ್ ಹೋಗಿ."

ಅಧಿಕಾರಿ ಹೋದ ಮೇಲೆ ಅತ್ತೆ ಬೀದಿಯವರಿಗೆಲ್ಲ ಸುದ್ದಿ ಮುಟ್ಟಿಸಲು ಹೊರಗೆ ಹೋದರು. ಇವರು ನನ್ನನ್ನು ಎಡಗಡೆಗೆ ಕರೆದು ಕೂರಿಸಿಕೊಂಡರು.

"ಅವರು ಬರೆದಿದ್ದು ಸುಳ್ಳು. ಅಣ್ಣ ಕಾದಿದ್ರು. ಎರಡು ಸಲ ತಟ್ಟಿದ್ದು ನಾನೇ."

ನಾನು ಎದ್ದು ಬೀದಿ ಬಾಗಿಲು ಮುಚ್ಚಿ ಬಂದೆ.

"ಕಿವಿ ಇಟ್ಟು ಕೇಳಿದೆ. ಏನೂ ಇರಲಿಲ್ಲ. ಎಣ್ಣೆ ಇದ್ರೆ ಗೊಳಗೊಳ ಅನ್ನುತ್ತೆ, ಒಂದು ಲೋಟದಷ್ಟು ಇದ್ರೂ ಗೊತ್ತಾಗುತ್ತೆ. ಆದ್ರೆ ಅನಿಲ ಮಾತಾಡಲ್ಲ ಕಣೇ. ಉಸಿರು ಬಿಗಿ ಹಿಡ್ಕೊಂಡು ಕೂತಿರುತ್ತೆ. ನಂಗೊತ್ತಿತ್ತು ಅದು. ಆದ್ರೂ ದಿನಾ ಸರಿ ಹೋಗ್ತಿತ್ತಲ್ಲ..."

ನಾನು ಕೇಳಿದ ಮೊದಲ ಪ್ರಶ್ನೆ, "ಇದನ್ನ ಬೇರೆ ಯಾರಿಗಾದ್ರೂ ಹೇಳಿದೀರಾ?"

ಆ ವಾರವೇ ನಾವು ವಕೀಲೆಯೊಬ್ಬರನ್ನು ಕಂಡೆವು. ಫೋಟೊ ಅಂಗಡಿಯ ಮೇಲಿನ ಕೋಣೆ. ಮೆಟ್ಟಿಲೇರುವಾಗ ಇವರು ಪಕ್ಕದ ಕಂಬಿ ಹಿಡಿಯಲಾಗದೆ ಗೋಡೆಗೆ ಭುಜ ಕೊಟ್ಟು ಹತ್ತಿದರು. ವಕೀಲೆ ನನಗಿಂತ ಚಿಕ್ಕವಳು, ಮಾತಿನಲ್ಲಿ ಮಾತ್ರ ಯಾರಿಗೂ ಚಿಕ್ಕವಳಲ್ಲ. ಎಲ್ಲವನ್ನೂ ಕೇಳಿಸಿಕೊಂಡಳು, ಎರಡು ತಟ್ಟಿನ ಕತೆಯನ್ನೂ.

"ಕೆಲಸ ಮಾಡ್ತಾ ಇದ್ದಾಗ ಆಯ್ತಾ? ಆ ಕೆಲಸದಿಂದಲೇ ಆಯ್ತಾ? ಪರಿಹಾರದ ಕಾನೂನು ಮೊದಲು ಕೇಳೋದು ಇದನ್ನೇ. ಕೆಲಸದವನು ಕೈತಪ್ಪಿ ಏನೋ ಮಾಡಿದ ಅಂತ ಅವನ ಹಕ್ಕು ಹೋಗಲ್ಲ. ಕುಡಿದಿದ್ರಾ?"

"ಇಲ್ಲ."

"ಬೇಕಂತಲೇ ಸುರಕ್ಷತೆಯ ಸಾಮಾನು ಕಿತ್ತು ಎಸೆದ್ರಾ?"

"ಎಸೆಯೋಕೆ ಕೊಟ್ಟಿದ್ರೆ ತಾನೇ ಮೇಡಂ," ಎಂದರು ಇವರು.

ವಕೀಲೆ ನಗಲಿಲ್ಲ, ಬರೆದುಕೊಂಡಳು. "ಗುತ್ತಿಗೆದಾರನ ಆಳು ಅಂತ ಕಂಪನಿ ಕೈ ತೊಳ್ಕೊಳ್ಳೋಕೂ ಆಗಲ್ಲ. ಕೆಲಸ ನಡೆದಿದ್ದು ಅವರ ಅಂಗಳದಲ್ಲಿ, ಅವರಿಗೋಸ್ಕರ. ಆದ್ರೆ ಒಂದು ಮಾತು. ತಟ್ಟಿದ್ದು ನೀವು ಅಂತ ಹೇಳಿದ್ರೆ ಅವರು ಸುಮ್ನಿರಲ್ಲ. ಪೊಲೀಸ್ ದೂರು ಅಂತಾರೆ, ಸಾವಿಗೆ ನೀವೇ ಹೊಣೆ ಅಂತಾರೆ. ನಿಲ್ಲುತ್ತೋ ಬಿಡುತ್ತೋ, ಅಲೆದಾಟ ಇರುತ್ತೆ."

"ಹೇಳದೇ ಇದ್ರೆ?" ಎಂದೆ ನಾನು.

"ಹೇಳದೇ ಇದ್ರೆ ವೆಲ್ಡರ್ ತಾನಾಗೇ ಬೆಂಕಿ ಹಚ್ಚಿದ ಅನ್ನೋ ಕತೆ ಉಳ್ಕೊಳ್ಳುತ್ತೆ. ಅದನ್ನ ಹಿಡ್ಕೊಂಡೇ ಕಂಪನಿಯವರು ವೆಲ್ಡರ್ ಹೆಂಡತಿನ ಹೆದರಿಸ್ತಾ ಇದಾರೆ, ಪರಿಹಾರದ ಕೇಸು ವಾಪಸ್ ತಗೋ ಅಂತ. ಆಯ್ಕೆ ನಿಮ್ಮದು. ಹೇಳೋದಿದ್ರೆ ಸಾಕ್ಷಿಕಟ್ಟೆಯಲ್ಲೇ ಹೇಳಿ. ಅಲ್ಲೀವರೆಗೂ ಆ ಮನೆಯವರ ಹತ್ರ ಈ ಮಾತು ಎತ್ತಬೇಡಿ. ಇಬ್ಬರೂ ಸೇರಿ ಕಟ್ಟಿದ ಕತೆ ಅಂದುಬಿಡ್ತಾರೆ."

ಮನೆಗೆ ಬರುವ ದಾರಿಯುದ್ದಕ್ಕೂ ನಾನು ಬೇಡ ಎಂದೇ ಹೇಳುತ್ತ ಬಂದೆ. ಕೈಯಿಲ್ಲ, ಕಿವಿಯಿಲ್ಲ, ಇನ್ನು ಜೈಲೂ ಬೇಕೇ ಎಂದೆ. ಸತ್ತವರಿಗೆ ಯಾವ ಮಾತೂ ತಾಗುವುದಿಲ್ಲ ಎಂದೆ. ಇವರು ಬಲಗಿವಿಯನ್ನು ನನ್ನ ಕಡೆ ಮಾಡಿಕೊಂಡು ನಡೆಯುತ್ತಿದ್ದರು. ಬೇಕೆಂದೇ ಹಾಗೆ ನಡೆಯುತ್ತಿದ್ದಾರೆ ಎಂದು ತಿಳಿದಾಗ ನನಗೆ ಸಿಟ್ಟೂ ಬಂತು, ಇನ್ನು ಇವರನ್ನು ತಡೆಯಲಾಗದು ಎಂಬುದೂ ಗೊತ್ತಾಯಿತು.

ಎರಡೂ ಮನೆಗಳ ಪರಿಹಾರದ ವಿಚಾರಣೆ ನಡೆದ ಕೋಣೆ ನಾನು ಹೆದರಿದಷ್ಟು ದೊಡ್ಡದಿರಲಿಲ್ಲ. ಫ್ಯಾನಿನ ಒಂದು ರೆಕ್ಕೆ ಬಾಗಿತ್ತು. ಎದುರು ಸಾಲಿನಲ್ಲಿ ಸಿಬ್ಬಂದಿ ಅಧಿಕಾರಿ, ಹಿಂದಿನ ಬೆಂಚಿನಲ್ಲಿ ವೆಲ್ಡರ್ ಅಣ್ಣನ ಹೆಂಡತಿ. ನಾನು ಅವರನ್ನು ಅಕ್ಕ ಎನ್ನುತ್ತೇನೆ. ಎರಡೂ ಮನೆಯವರು ಎಷ್ಟೋ ಸಲ ಒಂದೇ ಬಸ್ಸಿನಲ್ಲಿ ಪೇಟೆಗೆ ಹೋದವರು. ಅಕ್ಕ ನನ್ನನ್ನು ನೋಡಿ ಸೆರಗು ಸರಿಸಿ ಜಾಗ ಮಾಡಿಕೊಟ್ಟರು. ಪಕ್ಕದಲ್ಲಿ ಕೂತೆ. ಅವರ ಮುಖ ನೋಡಲಾಗಲಿಲ್ಲ.

ಕಂಪನಿಯ ವಕೀಲರು ಇವರ ಬಲಗಡೆ ನಿಂತು ಏನೋ ಕೇಳಿದರು. ಇವರು ಸುಮ್ಮನಿದ್ದರು. ಅವರು ಮತ್ತೆ ಕೇಳಿದರು.

"ಈ ಕಡೆ ಬನ್ನಿ ಸ್ವಾಮಿ," ಎಂದರು ಇವರು. "ಆ ಕಿವಿ ನಿಮ್ಮ ಕಂಪನಿಲೇ ಉಳ್ಕೊಂಡಿದೆ."

ಯಾರೋ ನಕ್ಕರು. ವಿಚಾರಣಾಧಿಕಾರಿ ಪೆನ್ನಿನಿಂದ ಮೇಜು ತಟ್ಟಿದರು. ವಕೀಲರು ಎಡಗಡೆಗೆ ಬಂದರು.

"ವೆಲ್ಡರ್ ಯಾರ ಸೂಚನೆಗೂ ಕಾಯಲಿಲ್ಲ, ಅಲ್ಲವೇ?"

"ಕಾದ್ರು. ನನ್ನ ಸೂಚನೆಗೆ ಕಾದ್ರು. ಪೈಪು ಖಾಲಿ ಅಂತ ಎರಡು ಸಲ ತಟ್ಟಿದ್ದು ನಾನು. ಆಮೇಲೇ ಅವರು ಬೆಂಕಿ ಹಚ್ಚಿದ್ದು."

ಪಕ್ಕದಲ್ಲಿ ಅಕ್ಕನ ಉಸಿರು ನಿಂತದ್ದು ನನಗೆ ಕೇಳಿಸಿತು. ವಕೀಲರಿಗೆ ಹಬ್ಬವಾಯಿತು. "ಅಂದರೆ ತಪ್ಪು ನಿಮ್ಮದು. ಒಪ್ಪಿಕೊಳ್ಳುತ್ತೀರಿ."

"ನನ್ನ ಕಿವಿ ತಪ್ಪಿತು, ಒಪ್ಕೋತೀನಿ. ಎಲ್ಲಿ ಬೇಕಾದ್ರೂ ಒಪ್ಕೋತೀನಿ. ಆದ್ರೆ ಸ್ವಾಮಿ, ಇಷ್ಟು ದೊಡ್ಡ ಕಾರ್ಖಾನೆ ಒಬ್ಬ ಫಿಟ್ಟರ್ ಕಿವಿ ಮೇಲೆ ಯಾಕೆ ನಿಂತಿತ್ತು ಅಂತ ನೀವೂ ಒಂದು ಸಲ ಹೇಳಿ. ಮೀಟರ್ ಎಲ್ಲಿತ್ತು ಅಂತ ಹೇಳಿ. ನಾನು ನನ್ನ ಪಾಲಿನದು ಹೇಳಿದೀನಿ. ನಿಮ್ಮ ಪಾಲಿನದು ಹೇಳೋಕೆ ಯಾರನ್ನ ಕರ್ಕೊಂಡ್ ಬಂದಿದೀರಿ?"

ವಿಚಾರಣಾಧಿಕಾರಿ ತಲೆಯೆತ್ತಿ, ಅನಿಲ ಪರೀಕ್ಷೆ ಮಾಡಿದವರು ಯಾರು, ಮುಂದಿನ ಸಲ ಅವರನ್ನು ಹಾಜರುಪಡಿಸಿ ಎಂದರು. ಕಂಪನಿಯ ವಕೀಲರು ಸಿಬ್ಬಂದಿ ಅಧಿಕಾರಿಯ ಕಡೆ ನೋಡಿದರು. ಅಧಿಕಾರಿ ಫೈಲಿನ ದಾರ ಕಟ್ಟತೊಡಗಿದರು.

ಹೊರಗೆ ಮೊಗಸಾಲೆಯಲ್ಲಿ ಇವರು ಅಕ್ಕನಿಗಾಗಿ ಕಾದು ನಿಂತರು. ಅಕ್ಕ ನೆಟ್ಟಗೆ ನಡೆದು ಬಂದರು. ಒಂದು ಕ್ಷಣ ಇವರ ಮುಖವನ್ನೇ ನೋಡಿದರು, ಯಾವ ಕಡೆ ಸುಟ್ಟಿದೆ, ಯಾವ ಕಡೆ ಇಲ್ಲ ಎಂದು ಹುಡುಕುವ ಹಾಗೆ. ಆಮೇಲೆ ಸುಡದ ಎಡಗೆನ್ನೆಗೆ ಬಾರಿಸಿದರು. ಆ ಏಟಿಗೆ ಬೆಂಚಿನ ಮೇಲಿದ್ದವರು ತಿರುಗಿ ನೋಡಿದರು.

"ಎಷ್ಟು ದಿನ ನನ್ನ ಗಂಡನ್ನೇ ಬೈಕೊಂಡೆ ಗೊತ್ತಾ?" ಅಕ್ಕನ ದನಿ ಏರಲಿಲ್ಲ. "ಈ ಕಂಪನಿಯವರು ಹೇಳಿದ್ದು ನಂಬಿ, ಆತುರಗಾರ, ಮುಂಡೇದು, ನಮ್ಮನ್ನ ಬೀದಿಗೆ ಹಾಕಿ ಹೋದ ಅಂತ. ರಾತ್ರಿ ಎಲ್ಲ ಬೈಕೊಂಡೆ."

ಇವರು ತಲೆ ತಗ್ಗಿಸಿದರು. ಅಕ್ಕ ಅತ್ತರು, ಸ್ವಲ್ಪವೇ.

ಅಷ್ಟರಲ್ಲಿ ಸಿಬ್ಬಂದಿ ಅಧಿಕಾರಿ ಓಡೋಡಿ ಬಂದರು. "ಅಮ್ಮಾ, ನಿಮ್ಮ ಸಂಕಟ ನಮಗೆ ಅರ್ಥ ಆಗುತ್ತೆ. ನಿಮ್ಮ ಯಜಮಾನರನ್ನ ಕೊಂದಿದ್ದು ಯಾರು ಅಂತ ಈಗ ಗೊತ್ತಾಯ್ತಲ್ಲ. ಬನ್ನಿ, ಗಾಡಿ ಇದೆ. ಇವನ ಮೇಲೆ ದೂರು ಕೊಡಿ, ಬೇಕಿದ್ರೆ ನಾವೇ ಬರೆದು ಕೊಡ್ತೀವಿ."

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು. "ಯಾರ ಮೇಲೆ?"

"ಇವನ ಮೇಲೆ! ಈಗ ತಾನೇ ಹೊಡೆದ್ರಲ್ಲ, ನಾನೇ ನೋಡಿದೆ."

"ಸೊಳ್ಳೆ ಕೂತಿತ್ತು," ಎಂದರು ಅಕ್ಕ. "ಪಾಪ, ಕೈ ಸುಟ್ಟಿದೆ, ಓಡಿಸ್ಕೊಳ್ಳೋಕೆ ಆಗಲ್ಲ ಅವನಿಗೆ. ನಿಮ್ಮ ಮೇಲೂ ಕೂತಿದೆ ನೋಡಿ, ಓಡಿಸಲಾ?"

ಅಧಿಕಾರಿ ಒಂದು ಹೆಜ್ಜೆ ಹಿಂದೆ ಸರಿದು, ನನ್ನ ಕಡೆ ತಿರುಗಿದರು. "ಮೇಡಂ, ನೀವು ಓದಿದವರು. ನೀವು ನೋಡಿದ್ರಿ."

ನಾನು ಒಂದು ಮಾತಾಡಲು ಹತ್ತು ಸಲ ಯೋಚಿಸುವವಳು. ಅವತ್ತು ಯೋಚಿಸಬೇಕಾಗಲಿಲ್ಲ, ದನಿಯೂ ನಡುಗಲಿಲ್ಲ. "ದೊಡ್ಡ ಸೊಳ್ಳೆ ಸರ್," ಎಂದೆ.

ಅವರು ಹೋದರು. ಅಕ್ಕ ನಮ್ಮ ಜೊತೆ ಮಾತಾಡಲಿಲ್ಲ, ನಮ್ಮನ್ನು ಬಿಟ್ಟು ಹೋಗಲೂ ಇಲ್ಲ. ಬೆಂಚಿನ ತುದಿಯಲ್ಲಿ ಕೂತು, ನೀರಿನ ಬಾಟಲಿಯ ಮುಚ್ಚಳ ತೆಗೆದು ಇವರ ಬಾಯಿಗೆ ಹಿಡಿದರು. ಇವರು ಕುಡಿದರು. ಕೆನ್ನೆಯ ಮೇಲೆ ಬೆರಳುಗಳು ಎದ್ದು ಕಾಣುತ್ತಿದ್ದವು.

ನಮ್ಮ ವಕೀಲೆ ಕಾಗದಗಳನ್ನು ಎದೆಗವಚಿಕೊಂಡು ಹೊರಗೆ ಬಂದಳು, ಮುಖ ಅರಳಿತ್ತು. ಇವರ ಕೆನ್ನೆ ನೋಡಿ ನಿಂತಳು. "ಇದೇನಿದು? ಏನಾಯ್ತು ಇಲ್ಲಿ?"

ಅಕ್ಕ ಬಾಟಲಿಗೆ ಮುಚ್ಚಳ ತಿರುಗಿಸುತ್ತಿದ್ದರು. ಇವರು ನೆಲ ನೋಡುತ್ತಿದ್ದರು. ಸಂಜೆ ಅತ್ತೆ ಕೇಳುತ್ತಾರೆ, ನಾಳೆ ಬೀದಿಯೇ ಕೇಳುತ್ತದೆ, ಮುಂದಿನ ವಿಚಾರಣೆಯಲ್ಲಿ ಕಂಪನಿಯ ವಕೀಲರೂ ಕೇಳಿಯಾರು. ಕೇಳಲಿ. ಆ ಏಟು ಎರಡು ಮನೆಗಳ ನಡುವಿನದು. ಅದನ್ನು ಯಾರ ಕೈಗೂ ಕೊಡುವುದಿಲ್ಲ, ಇವಳಿಗೂ ಹೇಳುವುದಿಲ್ಲ ಎಂದು ಅಲ್ಲೇ ನಿಶ್ಚಯಿಸಿದೆ.

"ಏನೂ ಇಲ್ಲ," ಎಂದೆ. "ಮುಂದಿನ ತಾರೀಖು ಯಾವಾಗ, ಅದನ್ನ ಹೇಳಿ."